ತುರಿಮಣೆಗೆ ಕಾಲು ಬಂದ ಕಥೆ

ಮಂಗಳೂರಿನಲ್ಲಿ ಈಗ ಮನೆಗೊಬ್ಬ ಇಂಜಿನಿಯರ್ ಇದ್ದಾನೆ, ಇಲ್ಲವೇ ಇದ್ದಾಳೆ. ಕೆಲವು ಮನೆಗಳಲ್ಲಿ ಇಬ್ಬಿಬ್ಬರು. ಆದರೂ ಮಿಕ್ಸಿ ಕೆಟ್ಟರೆ ಅದನ್ನು ಚೀಲದಲ್ಲಿ ಹಾಕಿಕೊಂಡು ರಿಪೇರಿ ಅಂಗಡಿಗೆ ಹೋಗುವವರು ನಮ್ಮಂಥ ಅಜ್ಜಂದಿರೇ! ಇದನ್ನು ದೂರು ಎಂದು ತಿಳಿಯಬೇಡಿ ಮಕ್ಕಳೇ. ಇಂಜಿನಿಯರ್ ಆಗುವವರು ಮೊತ್ತಮೊದಲು ಕಲಿಯಬೇಕಾದದ್ದು ಎಂತದು ಎಂಬುದನ್ನು ನಾನು ನನ್ನ 73ನೆಯ ವಯಸ್ಸಿನಲ್ಲಿ, ನಮ್ಮ ಮನೆಯ ಅಡುಗೆಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕುಳಿತು ನೋಡಿದೆ. ಅದನ್ನೇ ಇಲ್ಲಿ ಹೇಳಲು ಹೊರಟಿದ್ದೇನೆ.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ನನ್ನ ಪದವಿ ಪತ್ರದ ಮೇಲೆ ಇರುವುದು ಮೈಸೂರು ವಿಶ್ವವಿದ್ಯಾನಿಲಯದ ಮುದ್ರೆ. ಮಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ್ದೇ 1980ರಲ್ಲಿ. ನಮ್ಮ ಕಾಲಕ್ಕೆ ಇಲ್ಲಿಯವರ ಬಾಯಲ್ಲಿ ಇಂಜಿನಿಯರಿಂಗ್ ಎಂದರೆ ಸುರತ್ಕಲ್ಲಿನ ಕೆ.ಆರ್.ಇ.ಸಿ. 1960ರಲ್ಲಿ ಶುರುವಾದ ಆ ಕಾಲೇಜು 2002ರಲ್ಲಿ ಎನ್.ಐ.ಟಿ. ಆಯಿತು. ಇಂಜಿನಿಯರಿಂಗಿಗೆ ಹೋದ ನನ್ನ ಗೆಳೆಯರು ಮೊದಲ ವರ್ಷ ವರ್ಕ್‌ಶಾಪಿನಲ್ಲಿ ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಉಜ್ಜಿ ಚೌಕ ಮಾಡುತ್ತಿದ್ದರು. ರಜೆಗೆ ಬಂದಾಗ ಅಂಗೈಯ ಬೊಕ್ಕೆ ತೋರಿಸುತ್ತಿದ್ದರು. "ಎಂತಕ್ಕೆ ಮಾರಾಯ ಇದು?" ಎಂದು ಕೇಳಿದರೆ, "ಎಂತಕ್ಕೂ ಅಲ್ಲ, ಚೌಕ ಆಗಬೇಕು ಅಷ್ಟೆ" ಎನ್ನುತ್ತಿದ್ದರು. ಕೈ ಪಳಗಲು ಅದು ಬೇಕೇ ಬೇಕು, ಇಲ್ಲ ಎನ್ನುವುದಿಲ್ಲ. ಆದರೆ ಆ ಚೌಕ ಯಾರಿಗೆ ಬೇಕು ಎಂದು ಮೊದಲ ವರ್ಷದ ಹುಡುಗರನ್ನು ಆಗ ಯಾರೂ ಕೇಳುತ್ತಿರಲಿಲ್ಲ.

ಈಗ ಕೇಳುತ್ತಾರೆ. ನನ್ನ ಮೊಮ್ಮಗಳು ಓದುವ ಕಾಲೇಜು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೆಳಗೆ ಬರುತ್ತದೆ. ಮಕ್ಕಳು ವಿ.ಟಿ.ಯು. ಎನ್ನುತ್ತಾರಲ್ಲ, ಅದೇ. ಅದರ ಮೊದಲ ವರ್ಷದ ಪಠ್ಯದಲ್ಲಿ 'ಇನ್ನೋವೇಶನ್ ಆಂಡ್ ಡಿಸೈನ್ ಥಿಂಕಿಂಗ್' ಎಂಬ ಒಂದು ಸಣ್ಣ ವಿಷಯ ಉಂಟು. ಗಣಿತ, ಭೌತಶಾಸ್ತ್ರಗಳ ಎದುರು ಅದಕ್ಕೆ ಇರುವುದು ಒಂದೇ ಒಂದು ಕ್ರೆಡಿಟ್. ಮದುವೆ ಊಟದ ಎಲೆಯ ತುದಿಗೆ ಬಡಿಸಿದ ಉಪ್ಪಿನ ಹಾಗೆ. ಹುಬ್ಬಳ್ಳಿಯ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯದಲ್ಲಿಯೂ 'ಇಂಜಿನಿಯರಿಂಗ್ ಎಕ್ಸ್‌ಪ್ಲೊರೇಶನ್' ಎಂಬ ಹೆಸರಿನಲ್ಲಿ ಮೊದಲ ವರ್ಷದವರಿಗೆ ಇಂಥದೇ ಪಾಠ ಉಂಟು. ಒಂದು ವಸ್ತು ಹುಟ್ಟುವ ಮೊದಲು ಏನೇನು ನಡೆಯಬೇಕು ಎಂಬುದೇ ಈ ಪಾಠದ ತಿರುಳು. ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದವರು ಪ್ರಸಿದ್ಧಿಗೆ ತಂದ ಐದು ಮೆಟ್ಟಿಲುಗಳನ್ನು ಮೊಮ್ಮಗಳು ನನಗೆ ಬೆರಳು ಮಡಚಿ ಹೇಳಿದಳು: ಎಂಪತೈಸ್, ಡಿಫೈನ್, ಐಡಿಯೇಟ್, ಪ್ರೊಟೊಟೈಪ್, ಟೆಸ್ಟ್.

"ಮೊದಲನೆಯದು ಎಂತ?" ಎಂದು ಕೇಳಿದೆ.

"ಇನ್ನೊಬ್ಬರ ಚಪ್ಪಲಿ ಹಾಕಿಕೊಂಡು ನಡೆದು ನೋಡುವುದು ಅಜ್ಜ."

"ಹಾಗೆ ಮಾಡಿದರೆ ದೇವಸ್ಥಾನದ ಬಾಗಿಲಲ್ಲಿ ಪೆಟ್ಟು ಬೀಳ್ತದೆ" ಎಂದೆ. ಅವಳು ಕಣ್ಣು ಕೆಕ್ಕರಿಸಿದಳು.

ಆಮೇಲೆ ಸರಿಯಾಗಿ ಬಿಡಿಸಿ ಹೇಳಿದಳು. ಯಾರ ಕಷ್ಟ ನೀಗಿಸಬೇಕೋ ಅವರ ಹತ್ತಿರ ಹೋಗಿ, ಅವರು ಕೆಲಸ ಮಾಡುವುದನ್ನು ನೋಡಿ, ಅವರ ಮಾತು ಕೇಳಿ, ಅವರ ಜಾಗದಲ್ಲಿ ನಿಂತು ಯೋಚಿಸುವುದು ಮೊದಲ ಮೆಟ್ಟಿಲು. ಆಮೇಲೆ ಆ ಕಷ್ಟ ನಿಜವಾಗಿ ಯಾವುದು ಎಂದು ಒಂದು ವಾಕ್ಯದಲ್ಲಿ ಬರೆಯುವುದು. ಮತ್ತೆ ಹತ್ತಾರು ಉಪಾಯ ಹುಡುಕುವುದು. ಅದರಲ್ಲಿ ಒಂದನ್ನು ರಟ್ಟಿನಲ್ಲೋ ಮರದಲ್ಲೋ ಮಾದರಿ ಮಾಡುವುದು. ಕೊನೆಗೆ ಅದನ್ನು ಪರೀಕ್ಷೆ ಮಾಡುವುದು, ಸೋತರೆ ಹಿಂದಿನ ಮೆಟ್ಟಿಲಿಗೆ ಇಳಿಯುವುದು.

ಕೇಳುತ್ತಿದ್ದ ಹಾಗೆ ನನಗೆ ನೆನಪಾದದ್ದು ನಮ್ಮ ಜಿಲ್ಲೆಯ ಬ್ಯಾಂಕಿನ ಕಥೆ. 1925ರಲ್ಲಿ ಉಡುಪಿಯಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನದ ದುಡಿಮೆಯಲ್ಲಿ ದಿನ ಕಳೆಯುವವರು ಬ್ಯಾಂಕಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಹತ್ತಲು ಪುರುಸೊತ್ತೂ ಇಲ್ಲ, ಒಟ್ಟಿಗೆ ಇಡಲು ದುಡ್ಡೂ ಇಲ್ಲ. ಹಾಗಾದರೆ ಬ್ಯಾಂಕೇ ಅವರ ಮನೆ ಬಾಗಿಲಿಗೆ ಹೋಗಲಿ, ದಿನಕ್ಕೆ ಎರಡಾಣೆಯಾದರೂ ಸಾಕು ಎಂದು ಹೊರಟರು. ಅವರು 'ಬ್ಯಾಂಕನ್ನು ಇನ್ನೂ ಚೆಂದ ಕಟ್ಟಿಸೋಣ' ಎಂದು ಹೊರಡಲಿಲ್ಲ ನೋಡಿ. ಎರಡಾಣೆ ಇರುವವನು ಸಂಜೆ ಎಲ್ಲಿ ಕೂತಿರುತ್ತಾನೆ ಎಂದು ನೋಡಿದರು. ಆ ಯೋಜನೆಯನ್ನು ಇಂಜಿನಿಯರಿಂಗ್ ಎಂದು ಯಾರೂ ಕರೆಯಲಿಲ್ಲ. ನನ್ನ ಲೆಕ್ಕದಲ್ಲಿ ಅದು ಹೌದು.

ಸುಳ್ಯದ ಗಿರೀಶ್ ಭಾರದ್ವಾಜರ ಹೆಸರು ದೊಡ್ಡವರಿಗೆ ಗೊತ್ತಿರಬಹುದು. ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ಸೇತುವೆ ಕಟ್ಟುವುದು ಸಿವಿಲ್‌ನವರ ಕೆಲಸ. ಆದರೆ ಮಳೆಗಾಲದಲ್ಲಿ ಪಯಸ್ವಿನಿ ಹೊಳೆ ದಾಟಲಾಗದೆ ಒದ್ದಾಡುವ ಅರಂಬೂರಿನ ಜನ ಬಂದು ಕೇಳಿದಾಗ ಅವರು 1989ರಲ್ಲಿ ತೂಗುಸೇತುವೆ ಕಟ್ಟಿದರು. ಒಂದರಿಂದ ಶುರುವಾದದ್ದು ನೂರು ದಾಟಿತು. 2017ರಲ್ಲಿ ಪದ್ಮಶ್ರೀ ಬಂತು. ಲಾರಿ ಹೋಗುವ ದೊಡ್ಡ ಸೇತುವೆಗಾಗಿ ಕಾಯುತ್ತ ಕೂತಿದ್ದರೆ ಎಷ್ಟು ಮಳೆಗಾಲ ಹೋಗುತ್ತಿತ್ತೋ! ಜನರಿಗೆ ಬೇಕಾಗಿದ್ದದ್ದು ನಡೆದು ದಾಟಲು ಒಂದು ದಾರಿ.

ಇನ್ನು ನಮ್ಮ ಮನೆಯ ಕಥೆ. ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ, ಪ್ರತಿಯೊಂದು ಗುಂಪೂ ಒಬ್ಬ ಹಿರಿಯರನ್ನು ಆರಿಸಿ ಅವರ ಒಂದು ಕಷ್ಟಕ್ಕೆ ಪರಿಹಾರ ಮಾಡಬೇಕು ಎಂದು ಅವರ ಟೀಚರು ಹೇಳಿದ್ದರಂತೆ. ಮೊಮ್ಮಗಳ ಗುಂಪು ಆರಿಸಿದ್ದು ಅವಳ ಅಜ್ಜಿಯನ್ನು, ಎಂದರೆ ನನ್ನ ಮನೆಯವಳನ್ನು. ಕಷ್ಟ ಹುಡುಕಬೇಕಾಗಿರಲಿಲ್ಲ. ಎರಡು ವರ್ಷದ ಹಿಂದೆ ಆಟಿಯ ಜಡಿಮಳೆಯ ಒಂದು ಬೆಳಿಗ್ಗೆ ಕಾಯಿ ತುರಿದು, ಒಂದು ಕೈಯಲ್ಲಿ ಹರಿವಾಣ ಹಿಡಿದು ನೆಲದಿಂದ ಏಳುವಾಗ ಅವಳ ಕಾಲು ಜಾರಿತು. ಬಲಗೈ ಮಣಿಗಂಟು ಮುರಿಯಿತು. ಒಳಗೆ ಪ್ಲೇಟ್ ಹಾಕಿದರು. ಆಸ್ಪತ್ರೆಯಿಂದ ಬಂದ ದಿನವೇ ಮಗ ತುರಿಮಣೆಯನ್ನು ಅಟ್ಟಕ್ಕೆ ಹಾಕಿದ. ತುರಿಮಣೆಯನ್ನು ಕೆಲವರು ಹೆರೆಮಣೆ ಎನ್ನುತ್ತಾರೆ. ಪಟ್ಟಣದ ಮಕ್ಕಳಿಗೆ ಹೇಳಬೇಕೆಂದರೆ, ಕೂರುವ ಮರದ ಮಣೆ, ಅದರ ಮುಂದಕ್ಕೆ ಬಾಗಿದ ಕಬ್ಬಿಣದ ಕುತ್ತಿಗೆ, ಕುತ್ತಿಗೆಯ ತುದಿಯಲ್ಲಿ ಸುತ್ತಲೂ ಹಲ್ಲು. ಕಾಯಿಯ ಕಡಿಯನ್ನು ಎರಡೂ ಕೈಯಲ್ಲಿ ಹಿಡಿದು ಆ ಹಲ್ಲಿಗೆ ಒತ್ತಿ ತಿರುಗಿಸಿದರೆ ತುರಿ ಕೆಳಗಿನ ಹರಿವಾಣಕ್ಕೆ ಬೀಳುತ್ತದೆ.

ಅಂದಿನಿಂದ ನಮ್ಮ ಮನೆಯಲ್ಲಿ ಕಾಯಿಯನ್ನು ಚೂರು ಮಾಡಿ ಮಿಕ್ಸಿಗೆ ಹಾಕುವುದು, ಪುರುಸೊತ್ತಿಲ್ಲದಿದ್ದರೆ ಅಂಗಡಿಯಿಂದ ತುರಿದ ಕಾಯಿಯ ಪೊಟ್ಟಣ ತರುವುದು. ಅವಳು ಏನೂ ಹೇಳಲಿಲ್ಲ. ಆದರೆ ಅಡುಗೆಕೋಣೆಗೆ ನೆಂಟರ ಹಾಗೆ ಬರತೊಡಗಿದಳು. ಬಾಗಿಲಲ್ಲಿ ನಿಂತು "ಎಂತ ಮಾಡ್ತಾ ಇದ್ದೀರಿ?" ಎಂದು ಕೇಳಿ ಹೋಗುವುದು. ಅದೇ ಕೋಣೆಯಲ್ಲಿ ನಲವತ್ತೇಳು ವರ್ಷ ಅಡುಗೆ ಮಾಡಿದವಳು.

ಒಂದು ಶನಿವಾರ ನಾಲ್ವರು ಮಕ್ಕಳು ಬಂದರು. ಮೊಮ್ಮಗಳು, ಪುತ್ತೂರಿನ ಕಡೆಯ ಒಬ್ಬ ಹುಡುಗ, ಬದಿಯಡ್ಕದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಒಬ್ಬಳು ಹುಡುಗಿ, ಹಾವೇರಿಯಿಂದ ಬಂದು ಹಾಸ್ಟೆಲಿನಲ್ಲಿರುವ ಇನ್ನೊಬ್ಬ ಹುಡುಗ. ಬರುವಾಗಲೇ ಚಿತ್ರ ಬರೆದು ತಂದಿದ್ದರು. ಮೋಟಾರಿನಿಂದ ತಿರುಗುವ ತುರಿಯಂತ್ರ, ಗೆರಟೆ ಬಂದ ಕೂಡಲೇ ನಿಲ್ಲಿಸಲು ಸೆನ್ಸರ್, ಎಷ್ಟು ಕಾಯಿ ತುರಿದಾಯಿತು ಎಂದು ತೋರಿಸಲು ಮೊಬೈಲಿನಲ್ಲಿ ಒಂದು ಆ್ಯಪ್. ಅಜ್ಜಿ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, "ಚೆಂದ ಉಂಟು ಮಕ್ಕಳೇ" ಎಂದು ಹೇಳಿ ಗೋಳಿಬಜೆ ಕೊಟ್ಟಳು. ಮಕ್ಕಳು ಸಂತೋಷದಿಂದ 'ಅಜ್ಜಿಗೆ ಇಷ್ಟವಾಗಿದೆ' ಎಂದು ಬರೆದುಕೊಂಡು ಹೋದರು.

ಸೋಮವಾರ ಟೀಚರು ಆ ಕಾಗದ ನೋಡಿ ಎರಡೇ ಪ್ರಶ್ನೆ ಕೇಳಿದರಂತೆ. ಅಜ್ಜಿ ಇದನ್ನು ಬಳಸುತ್ತೇನೆ ಎಂದು ಹೇಳಿದರಾ? ಅಜ್ಜಿ ಕಾಯಿ ತುರಿಯುವುದನ್ನು ನೀವು ನೋಡಿದಿರಾ? ಎರಡಕ್ಕೂ ಉತ್ತರ ಇಲ್ಲ. "ಹಾಗಾದರೆ ನೀವು ಉತ್ತರ ತೆಗೆದುಕೊಂಡು ಹೋಗಿದ್ದೀರಿ, ಪ್ರಶ್ನೆ ಅಲ್ಲೇ ಬಿಟ್ಟು ಬಂದಿದ್ದೀರಿ. ಪೆನ್ಸಿಲು ಇಲ್ಲಿಟ್ಟು ಹೋಗಿ, ಸುಮ್ಮನೆ ನೋಡಿ ಬನ್ನಿ" ಎಂದು ಕಳುಹಿಸಿದರು. ಆ ಟೀಚರನ್ನು ನಾನು ಕಂಡದ್ದಿಲ್ಲ. ಕಂಡರೆ ಒಂದು ನಮಸ್ಕಾರ ಹಾಕಬೇಕು ಎಂದುಂಟು.

ಎರಡನೆಯ ಸಲ ಬಂದಾಗ ಮಗ ಆಫೀಸಿನಲ್ಲಿದ್ದ. ಅಟ್ಟದಿಂದ ತುರಿಮಣೆ ಇಳಿಯಿತು. ಹಲ್ಲಿಗೆ ಹಿಡಿದ ತುಕ್ಕನ್ನು ಅಜ್ಜಿ ಹುಣಸೆಹುಳಿ ಹಾಕಿ ತಿಕ್ಕಿ ತೆಗೆದಳು. ನಾನೂ ಮೊಮ್ಮಗಳೂ ಎರಡೂ ಕಡೆ ಹಿಡಿದು ಅವಳನ್ನು ಕೂರಿಸಿದೆವು. ಉಳಿದವರು ಗೋಡೆಗೆ ಒರಗಿ ಕೂತು ನೋಡಿದರು. ಎರಡು ಕಡಿ ತುರಿಯಲು 11 ನಿಮಿಷ. ಮಣೆಯ ಎತ್ತರ ನಾಲ್ಕು ಇಂಚು. ಏಳುವಾಗ ಅವಳು ಮೊದಲು ಕಪಾಟಿನ ಅಂಚು ಹಿಡಿದಳು, ಆಮೇಲೆ ಬಾಗಿಲ ದಾರಂದ, ಕೊನೆಗೆ ಮೊಮ್ಮಗಳ ಹೆಗಲು.

ಅತಿ ಹೆಚ್ಚು ಪ್ರಶ್ನೆ ಕೇಳಿದವನು ಹಾವೇರಿಯ ಹುಡುಗ. ಅವರ ಕಡೆ ಒಣಕೊಬ್ಬರಿಯೇ ಹೆಚ್ಚು, ಹಸಿಕಾಯಿಯನ್ನು ಹೀಗೆ ಕೂತು ತುರಿಯುವುದನ್ನು ಅವನು ನೋಡಿಯೇ ಇರಲಿಲ್ಲ. ಉಳಿದ ಮೂವರಿಗೆ ಹುಟ್ಟಿದಾಗಿನಿಂದ ನೋಡಿದ ಕೆಲಸ, ಕೇಳಲು ಏನೂ ಹೊಳೆಯಲಿಲ್ಲ. ಇವನಿಗೆ ಎಲ್ಲವೂ ಹೊಸತು. "ಅಜ್ಜೀರೀ, ಎರಡೂ ಕಾಲು ಬಲಕ್ಕ ಯಾಕ ಮಡಚೀರಿ?" ಸೀರೆ ಉಟ್ಟವರು ಕುದುರೆ ಸವಾರರ ಹಾಗೆ ಕೂರಲಿಕ್ಕಾಗುತ್ತದಾ ಮಗಾ ಎಂದಳು ಅಜ್ಜಿ. "ಮಿಕ್ಸಿ ಯಾಕ ಬ್ಯಾಡ್ರಿ?" ಗೆರಟೆಯ ಹತ್ತಿರದ ಕಂದು ಸಿಪ್ಪೆಯೂ ಸೇರಿ ಚಟ್ನಿಯ ಬಣ್ಣ ಕೆಡುತ್ತದೆ. "ಕೈಯಿಂದ ತಿರುವೂ ಮಷೀನ್ ಪ್ಯಾಟ್ಯಾಗ ಸಿಗ್ತಾವಲ್ರಿ?" ಅದೂ ಉಂಟು, ತಂದದ್ದು ಪೆಟ್ಟಿಗೆಯಲ್ಲೇ ಉಂಟು. ಒಂದು ಕೈಯಲ್ಲಿ ಕಡಿ ಹಿಡಿದು ಇನ್ನೊಂದರಲ್ಲಿ ಹಿಡಿಕೆ ತಿರುಗಿಸಬೇಕು. ಮುರಿದ ಮಣಿಗಂಟಿಗೆ ಆ ತಿರುಗಿಸುವುದೇ ಆಗುವುದಿಲ್ಲ. ಎರಡೂ ಕೈಯಲ್ಲಿ ಕಡಿ ಹಿಡಿದರೆ ನೋವಿಲ್ಲ.

"ಮತ್ತ ಸೊಸಿ ಮಾಡ್ಲಿ ಬಿಡ್ರಿ. ನೀವ ಯಾಕ ತುರೀಬೇಕು?"

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಕಾಯಿ ತುರಿಯುವಾಗ ನನ್ನನ್ನು ಯಾರೂ ಕರೆಯುವುದಿಲ್ಲ ಮಗಾ. ಆ ಹತ್ತು ನಿಮಿಷ ನನ್ನದು. ಮಕ್ಕಳು ಬಂದು ಕೈ ಒಡ್ಡುತ್ತಿದ್ದರು. ಒಂದು ಚಿಟಿಕೆ ತುರಿ, ಒಂದು ಚೂರು ಬೆಲ್ಲ. ಇವಳ ಅಪ್ಪನೂ ಹಾಗೇ ಬರ್ತಿದ್ದ, ಇವಳೂ ಬರ್ತಿದ್ದಳು. ಮಿಕ್ಸಿಯ ಹತ್ತಿರ ಯಾರು ಕೈ ಒಡ್ಡುತ್ತಾರೆ?"

ಈ ಮಾತು ನನಗೂ ಹೊಸತು. ಮೊಮ್ಮಗಳು ಕೆಳಗೆ ನೋಡುತ್ತ ಬರೆದುಕೊಳ್ಳುತ್ತಿದ್ದಳು, ಪೆನ್ನು ಓಡುತ್ತಿರಲಿಲ್ಲ.

ಆ ರಾತ್ರಿ ಅವರು ಬರೆದ ವಾಕ್ಯ ಇದು: 'ನಮ್ಮ ಅಜ್ಜಿಗೆ ನೆಲದಿಂದ ಏಳಲು ಕಷ್ಟ, ಆದರೆ ಎರಡೂ ಕೈಯಲ್ಲಿ ಕಡಿ ಹಿಡಿದು, ಕಣ್ಣಿನಿಂದ ನೋಡುತ್ತ, ತಾವೇ ಕಾಯಿ ತುರಿಯಬೇಕು.' ನೋಡಿದಿರಾ, ಮೋಟಾರು ಹೋಯಿತು, ಸೆನ್ಸರ್ ಹೋಯಿತು. ತುರಿಯುವುದರಲ್ಲಿ ಕಷ್ಟವೇ ಇರಲಿಲ್ಲ. ಕಷ್ಟ ಇದ್ದದ್ದು ಕೂರುವ ಎತ್ತರದಲ್ಲಿ. ಜೈಪುರದ ಕೃತಕ ಕಾಲಿನ ಕಥೆಯೂ ಇಂಥದೇ. ವಿದೇಶೀ ಮಾದರಿಯ ಕೃತಕ ಪಾದಕ್ಕೆ ಬೂಟು ಬೇಕು, ಅದರಲ್ಲಿ ಕುಕ್ಕರಗಾಲಲ್ಲಿ ಕೂರಲಾಗದು, ಗದ್ದೆಗೆ ಇಳಿಯಲಾಗದು. ವೈದ್ಯ ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ 1968ರಲ್ಲಿ ರಬ್ಬರಿನ ಪಾದ ಮಾಡಿದ್ದು ನಮ್ಮ ಜನ ಹೇಗೆ ಕೂರುತ್ತಾರೆ, ಹೇಗೆ ನಡೆಯುತ್ತಾರೆ ಎಂದು ನೋಡಿ.

ಉಪಾಯ ಹುಡುಕುವ ದಿನ ನಮ್ಮ ಊಟದ ಕೋಣೆಯ ಗೋಡೆ ಬಣ್ಣಬಣ್ಣದ ಚೀಟಿಗಳಿಂದ ತುಂಬಿತು. ಆ ಹೊತ್ತಿನಲ್ಲಿ ಯಾರೂ 'ಆಗುವುದಿಲ್ಲ' ಎನ್ನಬಾರದು ಎಂಬುದು ನಿಯಮ. ಬ್ಯಾಂಕಿನ ಅಭ್ಯಾಸ ಬಿಡದ ನಾನು ಪ್ರತಿ ಚೀಟಿಗೂ ನಂಬರು ಹಾಕಿದೆ. ಒಟ್ಟು 31. ಮೇಲಿನಿಂದ ಹಗ್ಗ ಇಳಿಬಿಡುವುದು, ಸ್ಪ್ರಿಂಗ್ ಇರುವ ಮಣೆ, ಗೋಡೆಗೆ ಹಿಡಿಕೆ, ಕಪಾಟಿಗೆ ತಿರುಪು ಹಾಕಿ ಬಿಗಿಯುವ ತುರಿಮಣೆ. 19ನೆಯ ಚೀಟಿ ಅಜ್ಜಿಯದು. "ನನ್ನನ್ನು ಎತ್ತುವ ಬದಲು ನೆಲವನ್ನೇ ಎತ್ತಿ!" ಎಂದು ತಮಾಷೆ ಮಾಡಿದ್ದಳು. ಮಕ್ಕಳು ನಗಾಡಿದರು. ನಗು ನಿಂತ ಮೇಲೆ ಬದಿಯಡ್ಕದ ಹುಡುಗಿ, "ಅಲ್ಲ, ಮಣೆಗೇ ಕಾಲು ಇಟ್ಟರೆ ನೆಲ ಎತ್ತಿದ ಹಾಗೇ ಅಲ್ವಾ?" ಎಂದಳು.

ಮೊದಲ ಮಾದರಿ ಟಿ.ವಿ.ಯ ರಟ್ಟಿನ ಪೆಟ್ಟಿಗೆಯದು. ಖರ್ಚು ಸೊನ್ನೆ. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ರಟ್ಟಿನ ಕುತ್ತಿಗೆ ಇಟ್ಟು, ಕೈಗೆ ಗೆರಟೆ ಕೊಟ್ಟು 'ತುರಿಯಿರಿ' ಎಂದರು. ಪುಟ್ಟ ಮಕ್ಕಳ ಅಡುಗೆ ಆಟದ ಹಾಗೆ ಇತ್ತು. ಆದರೆ ಅರ್ಧ ಗಂಟೆಯಲ್ಲಿ ಮೂರು ಸಂಗತಿ ಗೊತ್ತಾಯಿತು. ಕುತ್ತಿಗೆ ನಡುವೆ ಇದ್ದರೆ ಮಂಡಿಗೆ ತಾಗುತ್ತದೆ. ಕುರ್ಚಿ ಬೇರೆ, ಕುತ್ತಿಗೆ ಬೇರೆ ಇದ್ದರೆ ಒತ್ತಿದ ಕೂಡಲೇ ಮುಂದಕ್ಕೆ ಜಾರುತ್ತದೆ. ಹಳೆಯ ತುರಿಮಣೆಯನ್ನು ಅಲುಗದಂತೆ ಹಿಡಿದಿಡುತ್ತಿದ್ದದ್ದು ಕೂತವರ ಭಾರವೇ! ನಮ್ಮ ಹಿರಿಯರು ಮಣೆ, ಹಲ್ಲು ಎರಡನ್ನೂ ಒಂದೇ ಮರಕ್ಕೆ ಸೇರಿಸಿದ್ದು ಸುಮ್ಮನೆ ಅಲ್ಲ. ಮತ್ತೆ, ನೆಲದಲ್ಲಿರುತ್ತಿದ್ದ ಹರಿವಾಣ ಈಗ ಎಲ್ಲಿ? ಅಷ್ಟು ಎತ್ತರದಿಂದ ತುರಿ ಬಿದ್ದರೆ ಅರ್ಧ ಹೊರಗೆ. ಒಂದು ಕಷ್ಟ ನೀಗಿಸಲು ಹೋದರೆ ಇನ್ನೊಂದು ಹುಟ್ಟುತ್ತದೆ.

ಎರಡನೆಯ ಮಾದರಿ ಮರದ್ದು. ಮುರಿದ ಹಳೆಯ ಮಂಚದ ಹಲಸಿನ ಹಲಗೆ ಮನೆಯಲ್ಲೇ ಇತ್ತು. ನಮ್ಮ ಓಣಿಯ ಆಚಾರಿ ನಾಲ್ಕು ಕಾಲು ಇಟ್ಟು 16 ಇಂಚು ಎತ್ತರದ ಬೆಂಚು ಮಾಡಿಕೊಟ್ಟರು. ಕುತ್ತಿಗೆಯನ್ನು ಎಡ ಮೂಲೆಗೆ ಕೂರಿಸಿದರು, ಅಜ್ಜಿ ಎರಡೂ ಕಾಲು ಬಲಕ್ಕೆ ಇಟ್ಟು ಕೂರಲಿಕ್ಕೆ. ನೋಡಲು ಬಹಳ ಚೆಂದ ಇತ್ತು. ಅಜ್ಜಿ ಆಗಲೇ ಕೂರಲು ಹೊರಟಿದ್ದಳು. "ಇಲ್ಲ ಅಜ್ಜೀ, ಟೀಚರು ಬೈತಾರೆ" ಎಂದು ಪುತ್ತೂರಿನ ಹುಡುಗ ತಡೆದ. ಮನುಷ್ಯರು ಕೂರುವ ಮೊದಲು ಭಾರ ಇಟ್ಟು ನೋಡಬೇಕು ಎಂದು ಅವರಿಗೆ ಕಟ್ಟಪ್ಪಣೆಯಾಗಿತ್ತು.

ಅಂಗಳದಲ್ಲಿ ಬೆಂಚು ಇಟ್ಟು, ಅದರ ಮೇಲೆ 25 ಕಿಲೋದ ಎರಡು ಅಕ್ಕಿ ಚೀಲ ಇಟ್ಟರು. ಪುತ್ತೂರಿನ ಹುಡುಗ ಹಲ್ಲಿನ ಮೇಲೆ ಹಲಗೆ ತುಂಡು ಇಟ್ಟು ಒತ್ತಿದ. ಅಲುಗಲಿಲ್ಲ. ಏಳುವವರು ಮುಂದಕ್ಕೆ ಬಾಗುತ್ತಾರಲ್ಲ, ಆ ಲೆಕ್ಕಕ್ಕೆ ಚೀಲಗಳನ್ನು ಒಂದೊಂದೇ ಇಂಚು ಮುಂದಕ್ಕೆ ಸರಿಸುತ್ತ, ಪ್ರತಿ ಸಲವೂ ಒತ್ತುತ್ತ ಬಂದರು. ಏಳನೆಯ ಇಂಚಿಗೆ ಹಿಂದಿನ ಕಾಲು ಮೇಲೆದ್ದಿತು. ನಾವು ನೋಡುತ್ತಿದ್ದ ಹಾಗೆಯೇ ಬೆಂಚು ಮುಗ್ಗರಿಸಿತು, ಒಂದು ಚೀಲ ಹರಿದು ಅಂಗಳವೆಲ್ಲ ಅಕ್ಕಿ.

ಪಾರ್ಕಿನ ಸೀಸಾ ನೀವು ನೋಡಿದ್ದೀರಿ ಮಕ್ಕಳೇ. ಬೆಂಚಿನ ಮುಂದಿನ ಕಾಲುಗಳೇ ಅದರ ನಡುಗಂಬ. ಹಲ್ಲು ಆ ಕಾಲುಗಳಿಗಿಂತ ಮುಂದೆ ಇದೆ, ಅಲ್ಲಿ ಒತ್ತಿದರೆ ಮುಂಭಾಗ ಕೆಳಗೆ. ಹಿಂದೆ ಕೂತವರ ಭಾರ ಅದನ್ನು ತಡೆಯುತ್ತದೆ. ಅವರೂ ಮುಂದಕ್ಕೆ ಬಾಗಿದರೆ ತಡೆಯುವವರು ಯಾರು? ನಾಲ್ಕು ಇಂಚಿನ ಮಣೆ ಮುಗ್ಗರಿಸಿದರೆ ಏನೂ ಆಗದು. 16 ಇಂಚಿನದ್ದು ಮುಗ್ಗರಿಸಿದರೆ ಅಜ್ಜಿಯ ಇನ್ನೊಂದು ಕೈ.

ಅದೇ ಹೊತ್ತಿಗೆ ಮಗ ಮನೆಗೆ ಬಂದ. ಅಂಗಳದ ಅಕ್ಕಿ ನೋಡಿದ, ಬೆಂಚು ನೋಡಿದ, ವಿಷಯ ಅರ್ಥವಾಯಿತು. "ನಿಮ್ಮ ಒಂದು ಕ್ರೆಡಿಟಿಗೆ ನನ್ನ ಅಮ್ಮನ ಸೊಂಟ ಬೇಕಾ?" ಎಂದ. ಜೋರಾಗಿ ಹೇಳಲಿಲ್ಲ, ಅದೇ ಹೆಚ್ಚು ತಾಗಿತು. ಮೊಮ್ಮಗಳು ಅಳುತ್ತ ಟೀಚರಿಗೆ ಫೋನು ಮಾಡಿ ಎಲ್ಲ ಹಾಳಾಯಿತು ಎಂದಳು. ಅವರು ಹೇಳಿದ್ದು ಫೋನಿನ ಹೊರಗೂ ಕೇಳಿಸಿತು: "ಬಿದ್ದದ್ದು ಎಂತ? ಅಕ್ಕಿ ಅಲ್ವಾ? ಅದಕ್ಕೇ ಅಕ್ಕಿ ಇಟ್ಟದ್ದು. ಎಷ್ಟನೇ ಇಂಚಿಗೆ ಬಿತ್ತು, ಬರೆದಿದ್ದೀಯಾ?"

ಇದು ನನಗೆ ಚೆನ್ನಾಗಿ ಅರ್ಥವಾಗುವ ಭಾಷೆ. ಕಂಪ್ಯೂಟರ್ ಬರುವ ಮೊದಲು ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ, ಅದು ಹತ್ತು ಪೈಸೆಯೇ ಇರಲಿ, ಯಾರೂ ಮನೆಗೆ ಹೋಗುವ ಹಾಗಿಲ್ಲ. ಕಿಸೆಯಿಂದ ಹತ್ತು ಪೈಸೆ ಹಾಕಿ ಮುಗಿಸುವ ಹಾಗೂ ಇಲ್ಲ. ಲೆಡ್ಜರಿನಿಂದ ಡೇಬುಕ್ಕಿಗೆ, ಡೇಬುಕ್ಕಿನಿಂದ ಒಂದೊಂದು ವೋಚರಿಗೆ ಹಿಂದೆ ಹಿಂದೆ ಹೋಗಬೇಕು. ತಾಳೆಯಾಗದ್ದನ್ನು ನಾವು ಸೋಲು ಎನ್ನುತ್ತಿರಲಿಲ್ಲ. ಎಲ್ಲೋ ಒಂದು ಕಡೆ ನೋಡಲಿಕ್ಕುಂಟು ಎಂಬ ಸೂಚನೆ ಅಷ್ಟೆ.

ಮಗನನ್ನು ಪಕ್ಕಕ್ಕೆ ಕರೆದು ಬಂಟ್ವಾಳ ತಾಲೂಕಿನ ಸಜೀಪಮೂಡದ ಕೋಮಾಲೆಯ ಕೃಷಿಕ ಗಣಪತಿ ಭಟ್ಟರ ಕಥೆ ಹೇಳಿದೆ. ಅಡಿಕೆ ಮರ ಹತ್ತುವ ಬೈಕ್ ಮಾಡಿ 2019ರಲ್ಲಿ ದೇಶಕ್ಕೆಲ್ಲ ಪರಿಚಯವಾದವರು. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಮೈಲುತುತ್ತು ಮತ್ತು ಸುಣ್ಣದ ದ್ರಾವಣ ಸಿಂಪಡಿಸಲು ಮರ ಹತ್ತಲೇಬೇಕು, ಮರವೋ ಪಾಚಿ ಹಿಡಿದು ಜಾರುತ್ತದೆ, ಹತ್ತುವವರು ಸಿಗುವುದಿಲ್ಲ. ಸುಮಾರು 28 ಕಿಲೋ ತೂಕದ ಆ ಯಂತ್ರಕ್ಕೆ ಎರಡು ಸ್ಟ್ರೋಕಿನ ಎಂಜಿನ್, ಕೂರಲು ಸೀಟು, ಬ್ರೇಕು. ಆಕಾಶದೆತ್ತರದಲ್ಲಿ ಮನುಷ್ಯ ಕೂರುವ ಯಂತ್ರ ಅದು. ಅದರ ಬ್ರೇಕನ್ನು ನೆಲದ ಹತ್ತಿರ ಪರೀಕ್ಷೆ ಮಾಡದೆ ಯಾರಾದರೂ ಮೇಲೆ ಹೋಗುತ್ತಾರಾ? "ಇವರೂ ಅಕ್ಕಿಯನ್ನು ಬೀಳಿಸಿದ್ದಾರೆ, ಅಮ್ಮನನ್ನಲ್ಲ" ಎಂದೆ. ಅವನು ಏನೂ ಹೇಳದೆ ಕಾಲು ತೊಳೆಯಲು ಹೋದ. ಬರುವಾಗ ಕೈಯಲ್ಲಿ ಅಕ್ಕಿ ತುಂಬಲು ಬಕೆಟ್ ಇತ್ತು.

ಮೂರನೆಯ ಮಾದರಿಯಲ್ಲಿ ಮುಂದಿನ ಎಡಗಾಲು ಸರಿಯಾಗಿ ಹಲ್ಲಿನ ಕೆಳಗೇ ಬಂತು. ಬಲಗಾಲು ಇನ್ನಷ್ಟು ಹೊರಕ್ಕೆ. ಏಳುವಾಗ ಹಿಡಿಯಲು ಬಲಬದಿಗೆ ಒಂದು ಕೈ, ಕಾಲುಗಳಿಗೆ ರಬ್ಬರಿನ ಟೊಪ್ಪಿ, ಹಲ್ಲಿನ ಕೆಳಗೆ ಹರಿವಾಣ ಇಡಲು ಒಂದು ಪುಟ್ಟ ಅಡ್ಡ ಹಲಗೆ. ಅಜ್ಜಿಯ ಮಂಡಿಯಿಂದ ಹಿಮ್ಮಡಿಯವರೆಗೆ ಅಳೆದು ಎತ್ತರವನ್ನು ಒಂದು ಇಂಚು ಇಳಿಸಿದರು. ಅಕ್ಕಿ ಚೀಲವನ್ನು ತುದಿಯವರೆಗೆ ಸರಿಸಿದರೂ ಬೆಂಚು ಅಲುಗಲಿಲ್ಲ. ಆದರೂ ಮಗ ಬಿಡಲಿಲ್ಲ. "ಮೊದಲು ನಾನು" ಎಂದು ತನ್ನ 82 ಕಿಲೋವನ್ನು ಅದರ ಮೇಲೆ ಇಟ್ಟು, ಮುಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ಕೊನೆಗೆ ಕುತ್ತಿಗೆಯ ಮೇಲೆ ಎರಡೂ ಕೈ ಊರಿ ಎದ್ದು ನೋಡಿದ. ಆಮೇಲೆ ತಾನೇ ಒಂದು ಕಾಯಿ ಒಡೆದು ತಂದು ಅಮ್ಮನ ಕೈಗೆ ಕೊಟ್ಟ.

ಅವಳು ಕೂತಳು. ಕರ್ ಕರ್ ಎಂಬ ಆ ಶಬ್ದ ನಮ್ಮ ಮನೆಯಲ್ಲಿ ಕೇಳದೆ ಬಹಳ ಕಾಲವಾಗಿತ್ತು. ಹಾವೇರಿಯ ಹುಡುಗ ಗಡಿಯಾರ ನೋಡುತ್ತಿದ್ದ. ಉಳಿದವರು ಏಳುವ ಗಳಿಗೆಗಾಗಿ ಕಾಯುತ್ತಿದ್ದರು. ಅವಳು ಹಿಡಿಕೆ ಹಿಡಿದು ಒಂದೇ ಸಲಕ್ಕೆ ಎದ್ದು ನಿಂತಳು. ಅಷ್ಟರಲ್ಲಿ, ತಲೆ ನೆರೆಯತೊಡಗಿದ ನನ್ನ ಮಗ ಅಂಗೈ ಒಡ್ಡಿ ನಿಂತಿದ್ದ.

ಎಲ್ಲ ಸರಿಯಾಯಿತು ಎಂದು ಹೇಳಲಾರೆ. ಆ ಬೆಂಚು ಭಾರ, ಅಡುಗೆಕೋಣೆಯಲ್ಲಿ ಜಾಗ ತಿನ್ನುತ್ತದೆ, ಸೊಸೆಯ ಕಾಲ್ಬೆರಳಿಗೆ ಎರಡು ಸಲ ತಾಗಿ ಆಗಿದೆ. ಅವಸರದ ದಿನ ಈಗಲೂ ಮಿಕ್ಸಿಯೇ. ಚಕ್ರ ಇಟ್ಟರೆ ಎಂದು ಮಕ್ಕಳು ಯೋಚಿಸಿದರು; ಜಾರುವ ವಸ್ತುವಿಗೆ ಚಕ್ರ ಬೇಡ ಎಂದು ತಾವೇ ಕೈಬಿಟ್ಟರು. ಮಡಚುವ ಕಾಲು ಮಾಡಬಹುದು, ಆದರೆ ತಿರುಪು ಸಡಿಲವಾದರೆ? ಆ ಪ್ರಶ್ನೆ ಇನ್ನೂ ಗೋಡೆಯ ಮೇಲೆಯೇ ಉಂಟು, ಚೀಟಿ ನಂಬರು 34.

ಸೆಮಿಸ್ಟರಿನ ಕೊನೆಗೆ ಈ ವಿಷಯಕ್ಕೆ ಸರಿಯುತ್ತರಕ್ಕೆ ಗುರುತು ಹಾಕುವ ಪರೀಕ್ಷೆ ಬಂತು. ಮೊದಲ ಮೆಟ್ಟಿಲು ಯಾವುದು ಎಂಬಂಥ ಪ್ರಶ್ನೆಗಳು. ಗೋಳಿಬಜೆ ತಿಂದು 'ಇಷ್ಟವಾಗಿದೆ' ಎಂದು ಬರೆದುಕೊಂಡು ಹೋದ ದಿನವೂ ಇವರಿಗೆ ಆ ಉತ್ತರ ಬಾಯಿಪಾಠ ಬರುತ್ತಿತ್ತು. ಬಾಯಿಪಾಠಕ್ಕೆ ಮತ್ತು ಏಳನೆಯ ಇಂಚಿಗೆ ಒಂದೇ ಅಂಕ ಕೊಡುವ ಪರೀಕ್ಷೆಯನ್ನು ನಾನಂತೂ ಒಪ್ಪುವುದಿಲ್ಲ. ವಿಶ್ವವಿದ್ಯಾಲಯದವರು ಬಿ.ಕಾಂ.ನವನ ಮಾತು ಕೇಳಬೇಕೆಂದೇನೂ ಇಲ್ಲ ಬಿಡಿ.

ಈಗ ಆ ನಾಲ್ವರೂ ಎರಡನೆಯ ವರ್ಷದಲ್ಲಿದ್ದಾರೆ, ಬೇರೆ ಬೇರೆ ವಿಭಾಗ. ಕಳೆದ ತಿಂಗಳು ಪಕ್ಕದ ಮನೆಯ ಅಜ್ಜಿ ನಮ್ಮ ಬೆಂಚು ನೋಡಿ ತನಗೂ ಒಂದು ಬೇಕು ಎಂದರು. ಇದೇ ಅಳತೆಯಲ್ಲಿ ಆಚಾರಿಗೆ ಹೇಳಿದರಾಯಿತು ಎಂದು ನಾನು ಎಣಿಸಿದ್ದೆ. ಮೊಮ್ಮಗಳು ಒಪ್ಪಲಿಲ್ಲ. ಭಾನುವಾರ ನಾಲ್ವರೂ ಬಂದರು. ಪುತ್ತೂರಿನ ಹುಡುಗ ಅಳೆಯಲು ಟೇಪು ತೆಗೆದ. ಹಾವೇರಿಯವನು ಅದನ್ನು ತೆಗೆದು ತನ್ನ ಕಿಸೆಗೆ ಹಾಕಿಕೊಂಡು ಆ ಅಜ್ಜಿಯ ಎದುರು ಕೂತ.

"ಟೇಪು ಆಮ್ಯಾಲೆ. ಅಜ್ಜೀರೀ, ಮೊದಲು ಒಂದು ಕಾಯಿ ತುರೀರಿ, ನಾವು ನೋಡ್ತೀವಿ."

ಅವರು ಕಡಿ ಎತ್ತಿಕೊಂಡರು. ಎಡಗೈಯಲ್ಲಿ.